ಬಯಲಿನ ನಾದವೂ ಮನೆಯ ಚಾವಡಿಯೂ: ಸ್ಟೀರಿಯೋ ಸ್ಪೀಕರುಗಳ ಸ್ಥಾನವನ್ನು ಕುರಿತು

೧. ಪ್ರಸ್ತಾವನೆ

ಬ್ರಹ್ಮಾವರದಿಂದ ಕುಂದಾಪುರವನ್ನು ಹಾಯ್ದು ಬೈಂದೂರಿನವರೆಗೆ ಹಬ್ಬಿರುವ ಕರಾವಳಿಯ ಪಟ್ಟಿಯು ಬಡಗುತಿಟ್ಟಿನ ಯಕ್ಷಗಾನದ ತವರು. ಮಂದಾರ್ತಿ, ಮಾರಣಕಟ್ಟೆ, ಸಾಲಿಗ್ರಾಮ, ಕಮಲಶಿಲೆ ಮೊದಲಾದ ಮೇಳಗಳು ದೀಪಾವಳಿಯ ತರುವಾಯ ತಿರುಗಾಟಕ್ಕೆ ಹೊರಟು, ಮುಂಗಾರು ಕಾಲೂರುವ ಮೊದಲು ಗೆಜ್ಜೆ ಬಿಚ್ಚುತ್ತವೆ. ಅಲ್ಲಿಂದ ಮುಂದಿನ ಮಳೆಗಾಲದಲ್ಲಿ ಬಯಲಿನಲ್ಲಿ ಆಟವಿಲ್ಲ. ಆ ತಿಂಗಳುಗಳಲ್ಲಿ ಆಟದ ರುಚಿಯುಳ್ಳವರು ಮನೆಯೊಳಗೆ ಕುಳಿತು ಧ್ವನಿಮುದ್ರಣಗಳನ್ನು ಕೇಳುವುದು ರೂಢಿ. ಒಂದು ಕಾಲಕ್ಕೆ ಕ್ಯಾಸೆಟ್ಟುಗಳಲ್ಲಿ ಮನೆಮನೆಗೆ ಬಂದ ಈ ಮುದ್ರಣಗಳು ಇಂದು ಮೊಬೈಲಿನ ಮೂಲಕವೇ ದೊರೆಯುತ್ತವೆ. ಅದಕ್ಕೆ ಜೋಡಿ ಸ್ಪೀಕರುಗಳನ್ನು ಹೊಂದಿಸಿಕೊಂಡು ಕೇಳುವವರೂ ಇದ್ದಾರೆ.

ಹೀಗೆ ಕೇಳುವವರಿಂದ ಬರುವ ದೂರು ಬಹುಮಟ್ಟಿಗೆ ಒಂದೇ: ಚಂಡೆ ಕೇಳುತ್ತದೆ, ಪದ್ಯ ಕೇಳುವುದಿಲ್ಲ. ಇದರ ತಪ್ಪನ್ನು ಕೆಲವರು ಹಳೆಯ ಮುದ್ರಣದ ಮೇಲೆ, ಕೆಲವರು ಯಂತ್ರದ ಮೇಲೆ, ಮತ್ತೆ ಕೆಲವರು ಭಾಗವತರ ಉಚ್ಚಾರಣೆಯ ಮೇಲೆಯೇ ಹೊರಿಸುವುದುಂಟು. ಇನ್ನೂ ದೊಡ್ಡ ಸ್ಪೀಕರುಗಳನ್ನು ಕೊಂಡು ತಂದರೂ ಫಲ ಕಾಣುವುದಿಲ್ಲ. ಸದ್ದು ಹೆಚ್ಚುತ್ತದೆ, ಮಾತು ಮೊದಲಿನಂತೆಯೇ ಮಸುಕಾಗಿರುತ್ತದೆ.

ಪ್ರಸ್ತುತ ಲೇಖನದಲ್ಲಿ ತೋರಿಸಬೇಕೆಂದಿರುವ ವಿಷಯ ಇಷ್ಟೆ. ಸ್ಪೀಕರಿನಿಂದ ಹೊರಟ ಶಬ್ದಕ್ಕೂ ನಮ್ಮ ಕಿವಿಗೂ ನಡುವೆ ಕೊಠಡಿಯೆಂಬುದೊಂದಿದೆ. ಪದ್ಯದ ಅಕ್ಷರಗಳು ಎಷ್ಟೋ ವೇಳೆ ಅಲ್ಲಿಯೇ ಕಳೆದುಹೋಗುತ್ತವೆ. ಅಳತೆಯ ಪಟ್ಟಿಯೊಂದನ್ನು ಹಿಡಿದು ಸ್ಪೀಕರು, ಗೋಡೆ, ಕುರ್ಚಿ ಈ ಮೂರರ ನಡುವಣ ಅಂತರಗಳನ್ನು ಸರಿಪಡಿಸಿಕೊಂಡರೆ ಹೀಗೆ ಕಳೆದುಹೋದುದರಲ್ಲಿ ಬಹುಭಾಗವನ್ನು ಹೆಚ್ಚಿನ ಖರ್ಚಿಲ್ಲದೆ ಮರಳಿ ಪಡೆಯಬಹುದು. ಇದಕ್ಕೆ ಬೇಕಾದ ಭೌತಶಾಸ್ತ್ರವು ಪದವಿ ತರಗತಿಯ ಶಬ್ದವಿಜ್ಞಾನದ ಪಾಠದಲ್ಲಿ ಬರುವುದಕ್ಕಿಂತ ಹೆಚ್ಚಿನದೇನೂ ಅಲ್ಲ.

೨. ಬಯಲು ಮತ್ತು ಕೊಠಡಿ

ಯಕ್ಷಗಾನದ ಹಿಮ್ಮೇಳವು ಬಯಲಿಗೆಂದೇ ರೂಪುಗೊಂಡದ್ದು. ಕೊಯ್ಲು ಮುಗಿದ ಗದ್ದೆಯಲ್ಲಿ ರಂಗಸ್ಥಳವನ್ನು ಕಟ್ಟಿ ಚಂಡೆ ಬಾರಿಸಿದರೆ, ಅದರ ನಾದವು ಮೇಲಕ್ಕೂ ಸುತ್ತಲಿಗೂ ಹರಡಿ ಹೋಗುವುದೇ ಹೊರತು ಹಿಂದಿರುಗಿ ಬರುವುದಿಲ್ಲ. ಅಡ್ಡಿಯಿಲ್ಲದ ಬಯಲಿನಲ್ಲಿ ದೂರವು ಇಮ್ಮಡಿಯಾದರೆ ಶಬ್ದದ ತೀವ್ರತೆಯು ನಾಲ್ಕರಲ್ಲೊಂದು ಭಾಗಕ್ಕೆ, ಎಂದರೆ ಸುಮಾರು ೬ ಡೆಸಿಬೆಲ್ಲಿನಷ್ಟು, ಇಳಿಯುತ್ತದೆ. ರಾತ್ರಿಯ ನಿಶ್ಶಬ್ದದಲ್ಲಿ ಊರಾಚೆಯವರನ್ನೂ ಆಟಕ್ಕೆ ಕರೆಯಬೇಕಾದ ಚಂಡೆಗೆ ಅಷ್ಟು ಶಕ್ತಿ ಅವಶ್ಯವಾಗಿತ್ತು. ಒಂದು ಪೆಟ್ಟಿನ ಸದ್ದು ಅಡಗಿದ ಮೇಲೆ ಮತ್ತೊಂದು ಪೆಟ್ಟು ಬೀಳುವುದರಿಂದ ಪೆಟ್ಟುಗಳ ನಡುವೆ ಭಾಗವತನ ಮಾತಿಗೆ ತೆರಪು ಉಳಿಯುತ್ತಿತ್ತು.

ಅದೇ ನಾದವನ್ನು ನಾಲ್ಕು ಗೋಡೆಗಳ ನಡುವೆ ತಂದಾಗ ಸಂಗತಿ ಬದಲಾಗುತ್ತದೆ. ಕಿವಿಗೆ ಮೊದಲು ತಲುಪುವುದು ಸ್ಪೀಕರಿನಿಂದ ನೆಟ್ಟಗೆ ಬಂದ ಶಬ್ದ. ಅದರ ಬೆನ್ನಿಗೆ ಗೋಡೆ, ನೆಲ, ಮಾಡುಗಳಿಂದ ಪ್ರತಿಫಲಿಸಿದ ಶಬ್ದಗಳು ಒಂದರ ಮೇಲೊಂದು ಬಂದು ಬೀಳುತ್ತವೆ. ಮೂಲ ಶಬ್ದವು ನಿಂತ ಮೇಲೂ ಕೊಠಡಿಯಲ್ಲಿ ಉಳಿದುಕೊಳ್ಳುವ ಈ ನಾದಕ್ಕೆ ಅನುರಣನವೆಂದು ಹೆಸರು. ಬಿಜಾಪುರದ ಗೋಲ ಗುಮ್ಮಟದೊಳಗೆ ನಿಂತು ಒಂದು ಮಾತಾಡಿದವರು ಇದರ ಪರಮಾವಧಿಯನ್ನು ಕಂಡಿರುತ್ತಾರೆ. ಅಲ್ಲಿ ಮಾತು ಮತ್ತೆ ಮತ್ತೆ ಮರಳುತ್ತದೆ, ಆದರೆ ಸಂಭಾಷಣೆ ನಡೆಸುವುದು ಕಷ್ಟ. ನಮ್ಮ ಮನೆಗಳಲ್ಲಿ ನಡೆಯುವುದೂ ಸಣ್ಣ ಪ್ರಮಾಣದಲ್ಲಿ ಇದೇ.

ಅನುರಣನಕ್ಕೆ ಅಳತೆಯನ್ನು ಒದಗಿಸಿದವನು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲೇಸ್ ಸೇಬಿನ್. ೧೮೯೫ರಲ್ಲಿ ಅಲ್ಲಿಯ ಫಾಗ್ ವಸ್ತುಸಂಗ್ರಹಾಲಯದ ಉಪನ್ಯಾಸ ಮಂದಿರದಲ್ಲಿ ಮಾತು ತಿಳಿಯದೆಂಬ ದೂರು ಬಂದಾಗ, ಅದನ್ನು ಸರಿಪಡಿಸುವ ಹೊಣೆ ಅವನಿಗೆ ಬಂದಿತು. ಸ್ಯಾಂಡರ್ಸ್ ನಾಟಕಶಾಲೆಯ ಆಸನಗಳ ಮೆತ್ತೆಗಳನ್ನು ರಾತ್ರಿಯ ವೇಳೆ ಹೊತ್ತು ತಂದು, ಮಂದಿರದಲ್ಲಿ ಹರಡಿ, ಸದ್ದು ಅಡಗುವ ಕಾಲವನ್ನು ಅವನು ಅಳೆದನು. ಶಬ್ದವು ೬೦ ಡೆಸಿಬೆಲ್ಲುಗಳಷ್ಟು ಇಳಿಯಲು ಬೇಕಾಗುವ ಕಾಲವನ್ನು ಅನುರಣನ ಕಾಲವೆನ್ನುತ್ತಾರೆ. ಕೊಠಡಿಯ ಗಾತ್ರವನ್ನು ಘನಮೀಟರುಗಳಲ್ಲಿ ಹೇಳಿ, ಅದನ್ನು ೦.೧೬೧ರಿಂದ ಗುಣಿಸಿ, ಕೊಠಡಿಯ ಒಟ್ಟು ಹೀರಿಕೆಯಿಂದ ಭಾಗಿಸಿದರೆ ಅನುರಣನ ಕಾಲವು ಸೆಕೆಂಡುಗಳಲ್ಲಿ ದೊರೆಯುತ್ತದೆ. ಹೀರಿಕೆಗೆ ಸೇಬಿನ್ ಆರಿಸಿಕೊಂಡ ಮಾನವು ತೆರೆದ ಕಿಟಕಿ: ಅದರ ಮೂಲಕ ಹೊರಹೋದ ಶಬ್ದ ಹಿಂದಿರುಗುವುದಿಲ್ಲವಾದುದರಿಂದ ಒಂದು ಚದರ ಮೀಟರು ತೆರೆದ ಕಿಟಕಿಯ ಹೀರಿಕೆ ೧ ಎಂದು ಎಣಿಕೆ. ಈ ಮಾನವು ನಮ್ಮ ಊರಿನ ಮನೆಗಳಿಗೆ ಎಷ್ಟು ಹೊಂದುವುದೆಂಬುದನ್ನು ಮುಂದೆ ಕಾಣಬಹುದು.

೩. ಹಳೆಯ ಮನೆ, ಹೊಸ ಮನೆ, ಮಳೆಗಾಲ

ಈ ಪ್ರದೇಶದ ಹಳೆಯ ಮನೆಗಳು ಮುರಕಲ್ಲಿನ ಗೋಡೆ, ಮರದ ಮುಚ್ಚಿಗೆ, ಹೆಂಚಿನ ಮಾಡು, ಕಾವಿಯ ನೆಲ, ಒಳ ಅಂಗಳಕ್ಕೆ ತೆರೆದುಕೊಂಡ ಚಾವಡಿ ಇವುಗಳಿಂದ ಕೂಡಿದವು. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ೧೮೬೫ರಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆಯ ತರುವಾಯ ಮಂಗಳೂರು ಹೆಂಚು ಕರಾವಳಿಯುದ್ದಕ್ಕೂ ಹರಡಿತು. ಹೆಂಚುಗಳ ಸಂದುಗಳಲ್ಲಿ ಶಬ್ದವು ಸೋರಿಹೋಗುತ್ತದೆ. ತೆಳುವಾದ ಮರದ ಹಲಗೆಗಳು ತಾವೂ ಕಂಪಿಸಿ ಮಂದ್ರನಾದದ ಒಂದಂಶವನ್ನು ಹೀರುತ್ತವೆ. ಅಂಗಳದ ಕಡೆಯಂತೂ ಪೂರ್ತಿಯಾಗಿ ತೆರೆದ ಕಿಟಕಿಯೇ ಸರಿ. ಆದುದರಿಂದ ಚಾವಡಿಯಲ್ಲಿ ಅನುರಣನ ಕಡಿಮೆ. ಇಂದಿನ ಕಾಂಕ್ರೀಟು ಮನೆಯ ಸ್ಥಿತಿ ಬೇರೆ. ಗಾರೆ ಮಾಡಿ ಬಣ್ಣ ಬಳಿದ ಗೋಡೆ, ಹೊಳಪಿನ ನೆಲಹಾಸು, ಸಿಮೆಂಟಿನ ಚಾವಣಿ ಇವು ತಮ್ಮ ಮೇಲೆ ಬಿದ್ದ ಶಬ್ದದಲ್ಲಿ ನೂರಕ್ಕೆ ಎರಡು ಮೂರು ಪಾಲನ್ನು ಮಾತ್ರ ಹೀರಿಕೊಂಡು ಉಳಿದುದನ್ನು ಹಿಂದಕ್ಕೆ ತಳ್ಳುತ್ತವೆ.

ಒಂದು ಉದಾಹರಣೆಯನ್ನು ಲೆಕ್ಕಹಾಕಿ ನೋಡೋಣ. ೫ ಮೀಟರು ಉದ್ದ, ೩.೫ ಮೀಟರು ಅಗಲ, ೩ ಮೀಟರು ಎತ್ತರದ ಕೊಠಡಿಯ ಗಾತ್ರ ೫೨.೫ ಘನಮೀಟರು, ಒಳಮೈಯ ಒಟ್ಟು ವಿಸ್ತಾರ ೮೬ ಚದರ ಮೀಟರು. ಸರಾಸರಿ ಹೀರಿಕೆಯನ್ನು ೦.೦೩ ಎಂದಿಟ್ಟುಕೊಂಡರೆ ಒಟ್ಟು ಹೀರಿಕೆ ಸುಮಾರು ೨.೬, ಅನುರಣನ ಕಾಲ ೩.೩ ಸೆಕೆಂಡು. ಇದು ಬರಿಯ ಕೊಠಡಿಯ ಸ್ಥಿತಿ. ಒಳಗೆ ಇಬ್ಬರು ಕುಳಿತರೆ ಹೀರಿಕೆ ೦.೯ರಷ್ಟು ಹೆಚ್ಚುತ್ತದೆ, ೫ ಚದರ ಮೀಟರಿನ ದಪ್ಪ ಪರದೆಯಿಂದ ೨.೫, ಮೆತ್ತನೆಯ ಆಸನ, ಹತ್ತಿಯ ಹಾಸಿಗೆ ಎಲ್ಲ ಸೇರಿ ೬ ಚದರ ಮೀಟರಿದ್ದರೆ ೩.೬. ಆಗ ಒಟ್ಟು ಹೀರಿಕೆ ೯.೬ ಆಗಿ ಅನುರಣನ ಕಾಲವು ೦.೮೮ ಸೆಕೆಂಡಿಗೆ ಇಳಿಯುತ್ತದೆ. ಬಾಗಿಲು ಕಿಟಕಿಗಳನ್ನು ತೆರೆದು ೩.೫ ಚದರ ಮೀಟರಿನ ತೆರಪನ್ನು ಮಾಡಿಕೊಟ್ಟರೆ ಅದು ಮತ್ತೂ ಇಳಿದು ೦.೬೫ ಸೆಕೆಂಡು ಆಗುತ್ತದೆ. ಸೇಬಿನ್ನನ ಸೂತ್ರವು ಸಣ್ಣ ಕೊಠಡಿಗಳಲ್ಲಿ ಸ್ಥೂಲವಾದ ಅಂದಾಜನ್ನಷ್ಟೇ ಕೊಡುವುದಾದರೂ ಹೋಲಿಕೆಗೆ ಇಷ್ಟು ಸಾಕು.

ಈ ಅಂಕಿಗಳಿಗೆ ಪದ್ಯದೊಡನೆ ಏನು ಸಂಬಂಧ? ದ್ರುತಗತಿಯಲ್ಲಿ ಸೆಕೆಂಡಿಗೆ ಎಂಟು ಪೆಟ್ಟುಗಳು ಬೀಳುತ್ತವೆಯೆಂದು ಇಟ್ಟುಕೊಳ್ಳೋಣ. ಒಂದು ಪೆಟ್ಟಿನಿಂದ ಇನ್ನೊಂದರವರೆಗಿನ ಅಂತರದಲ್ಲಿ ಮೊದಲಿನ ಪೆಟ್ಟಿನ ಸದ್ದು ಬರಿಯ ಕೊಠಡಿಯಲ್ಲಿ ೨.೩ ಡೆಸಿಬೆಲ್ ಮಾತ್ರ ಇಳಿಯುತ್ತದೆ. ಸಜ್ಜಾದ, ಮುಚ್ಚಿದ ಕೊಠಡಿಯಲ್ಲಿ ೮.೫, ಕಿಟಕಿ ತೆರೆದಾಗ ಸುಮಾರು ೧೧.೫. ಮಾತಿನ ಸ್ವರಾಕ್ಷರಗಳು ದೀರ್ಘವೂ ಬಲವುಳ್ಳವೂ ಆಗಿರುವುದರಿಂದ ಹೇಗೋ ಉಳಿದುಕೊಳ್ಳುತ್ತವೆ. ವ್ಯಂಜನಗಳಾದರೋ ಅಲ್ಪಕಾಲದವು, ಬಲಹೀನವಾದವು, ಮತ್ತು ಅವುಗಳನ್ನು ಗುರುತಿಸಲು ಬೇಕಾದ ನಾದಾಂಶಗಳು ಬಹುಪಾಲು ಸೆಕೆಂಡಿಗೆ ೨೦೦೦ಕ್ಕೆ ಮೇಲ್ಪಟ್ಟ ಕಂಪನಗಳಲ್ಲಿರುತ್ತವೆ. ಚಂಡೆಯ ಸದ್ದು ಅಡಗದೆ ಉಳಿದ ಕಡೆ ಮುಚ್ಚಿಹೋಗುವುದು ಈ ವ್ಯಂಜನಗಳು. ಹೀಗಾಗಿ ರಾಗ ಕೇಳುತ್ತದೆ, ಸಾಹಿತ್ಯ ಕೇಳುವುದಿಲ್ಲ.

ಇಲ್ಲಿ ನಮ್ಮ ಕರಾವಳಿಯ ಒಂದು ವಿಶೇಷವನ್ನು ಗಮನಿಸಬೇಕು. ವರ್ಷಕ್ಕೆ ೪೦೦೦ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಈ ಸೀಮೆಯಲ್ಲಿ ಪಡುವಣ ಕಿಟಕಿಗಳನ್ನು ಆಷಾಢದಲ್ಲಿ ತೆರೆದಿಡುವಂತಿಲ್ಲ. ಧ್ವನಿಮುದ್ರಣಗಳನ್ನು ಹೆಚ್ಚಾಗಿ ಕೇಳುವ ಕಾಲವೂ ಅದೇ. ಅದೇ ಕೊಠಡಿ, ಅದೇ ಯಂತ್ರ, ಅದೇ ಮುದ್ರಣವಾದರೂ ಬೇಸಗೆಯಲ್ಲಿ ತಿಳಿಯಾಗಿದ್ದ ಪದ್ಯವು ಮಳೆಗಾಲದಲ್ಲಿ ಕಲಸಿಹೋದಂತೆ ತೋರುವುದಕ್ಕೆ ಮುಚ್ಚಿದ ಕಿಟಕಿಯೂ ಒಂದು ಕಾರಣ. ಹೆಂಚಿನ ಮೇಲೆ ಬೀಳುವ ಮಳೆಯ ಸದ್ದನ್ನು ಮೀರಿಸಲು ಧ್ವನಿಯನ್ನು ಏರಿಸಿದರೆ ಮಳೆಯ ಸದ್ದನ್ನೇನೋ ಗೆಲ್ಲಬಹುದು. ಅನುರಣನವನ್ನು ಗೆಲ್ಲಲಾಗುವುದಿಲ್ಲ, ಏಕೆಂದರೆ ನೇರ ಶಬ್ದದ ಜೊತೆಗೆ ಪ್ರತಿಫಲಿತ ಶಬ್ದವೂ ಅಷ್ಟೇ ಏರುತ್ತದೆ. ಈ ನಿಷ್ಪತ್ತಿಯನ್ನು ಬದಲಾಯಿಸಲು ಇರುವ ಸುಲಭದ ದಾರಿ ಸ್ಥಾನದ ಬದಲಾವಣೆ. ಸ್ಪೀಕರಿಗೆ ೪ ಮೀಟರು ದೂರದಲ್ಲಿ ಕುಳಿತವರು ೨ ಮೀಟರಿಗೆ ಸಮೀಪಿಸಿದರೆ ನೇರ ಶಬ್ದವು ಸುಮಾರು ೬ ಡೆಸಿಬೆಲ್ ಏರುತ್ತದೆ. ಕೊಠಡಿಯ ಅನುರಣನವು ಹೆಚ್ಚು ಕಡಿಮೆ ಇದ್ದಷ್ಟೇ ಇರುತ್ತದೆ. ಹತ್ತಿರ ಕೂರುವುದೇ ಮೊದಲ ಪರಿಹಾರ.

೪. ಎರಡು ಕಿವಿ, ಎರಡು ಸ್ಪೀಕರು

ಶಬ್ದವು ಯಾವ ದಿಕ್ಕಿನಿಂದ ಬಂತೆಂಬುದನ್ನು ನಾವು ಎರಡು ಕಿವಿಗಳ ಸಹಕಾರದಿಂದ ಅರಿಯುತ್ತೇವೆ. ಬಲಗಡೆಯಿಂದ ಬಂದ ಶಬ್ದ ಬಲಗಿವಿಯನ್ನು ಮೊದಲು ಮುಟ್ಟುತ್ತದೆ. ಎಡಗಿವಿಗೆ ತಲೆಯನ್ನು ಬಳಸಿ ಬರುವಾಗ ತುಸು ತಡವೂ ಆಗುತ್ತದೆ, ಕ್ಷೀಣವೂ ಆಗುತ್ತದೆ. ಈ ತಡವು ಅತ್ಯಧಿಕವೆಂದರೆ ಸೆಕೆಂಡಿನ ಹತ್ತು ಸಾವಿರ ಭಾಗಗಳಲ್ಲಿ ಆರೇಳು ಭಾಗ. ಮಂದ್ರನಾದಗಳಿಗೆ ಕಾಲದ ವ್ಯತ್ಯಾಸವೂ ತಾರನಾದಗಳಿಗೆ ಬಲದ ವ್ಯತ್ಯಾಸವೂ ಮುಖ್ಯವೆಂಬುದನ್ನು ಲಾರ್ಡ್ ರ‍್ಯಾಲಿಯು ೧೯೦೭ರಲ್ಲಿ ವಿವರಿಸಿದನು. ಇದೇ ತತ್ತ್ವದ ಮೇಲೆ ಇಂಗ್ಲೆಂಡಿನ ಎಂಜಿನಿಯರ್ ಆಲನ್ ಬ್ಲಮ್ಲೀನ್, ಎರಡು ವಾಹಿನಿಗಳಲ್ಲಿ ಶಬ್ದವನ್ನು ಮುದ್ರಿಸಿ ಎರಡು ಸ್ಪೀಕರುಗಳಿಂದ ಕೇಳಿಸುವ ವಿಧಾನಕ್ಕೆ ೧೯೩೧ರ ಡಿಸೆಂಬರಿನಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಿದನು. ಸ್ಟೀರಿಯೋ ಎಂಬುದಕ್ಕೆ ಮೂಲವಾದ ಗ್ರೀಕ್ ಶಬ್ದದ ಅರ್ಥ ‘ಘನವಾದ’ ಎಂದು. ಚಪ್ಪಟೆಯಾಗಿ ಒಂದೆಡೆಯಿಂದ ಬರುವ ಸದ್ದಿನ ಬದಲು ಅಗಲವೂ ಆಳವೂ ಉಳ್ಳ ನಾದಚಿತ್ರವನ್ನು ಕಟ್ಟುವುದು ಇದರ ಉದ್ದೇಶ.

ಎರಡು ಸ್ಪೀಕರುಗಳಿಂದ ಒಂದೇ ಶಬ್ದವು ಒಂದೇ ಕಾಲಕ್ಕೆ, ಒಂದೇ ಬಲದಿಂದ ಬಂದರೆ ಕೇಳುವವನಿಗೆ ಅದು ಎರಡರ ನಡುವೆ, ಏನೂ ಇಲ್ಲದ ಸ್ಥಳದಿಂದ, ಬಂದಂತೆ ಭಾಸವಾಗುತ್ತದೆ. ಭಾಗವತರ ಕಂಠವು ನಿಲ್ಲಬೇಕಾದ ಸ್ಥಳ ಅದು. ಅದು ಅಲ್ಲಿ ನಿಂತು, ಚಂಡೆ ಮದ್ದಲೆಗಳು ಮುದ್ರಣದಲ್ಲಿರುವಂತೆ ಅಕ್ಕಪಕ್ಕಕ್ಕೆ ಸರಿದರೆ, ಕಿವಿಗೆ ಕಂಠವನ್ನು ವಾದ್ಯಗಳಿಂದ ಬೇರ್ಪಡಿಸಿಕೊಳ್ಳುವುದು ಸುಲಭವಾಗುತ್ತದೆ. ಎಲ್ಲವೂ ಒಂದೇ ಬಿಂದುವಿನಿಂದ ಬಂದರೆ ಈ ಸೌಲಭ್ಯವಿಲ್ಲ.

ಇದಕ್ಕಾಗಿ ಸ್ಪೀಕರುಗಳೆರಡೂ ಕೇಳುವವನ ತಲೆಯೂ ಸಮಭುಜ ತ್ರಿಕೋನದ ಮೂರು ಶೃಂಗಗಳಲ್ಲಿರಬೇಕೆಂಬುದು ಸಾಮಾನ್ಯ ನಿಯಮ. ಮೇಲಿನ ಕೊಠಡಿಯಲ್ಲಿ ಸ್ಪೀಕರುಗಳ ನಡುವಣ ಅಂತರ ೨.೨ ಮೀಟರಾದರೆ ಕೇಳುವವನು ಪ್ರತಿಯೊಂದರಿಂದಲೂ ೨.೨ ಮೀಟರು ದೂರದಲ್ಲಿ, ಎಂದರೆ ಸ್ಪೀಕರುಗಳ ಸಾಲಿನಿಂದ ೧.೯ ಮೀಟರು ಹಿಂದೆ, ಕೂರಬೇಕು. ಅವನು ೩೦ ಸೆಂಟಿಮೀಟರು ಬದಿಗೆ ಸರಿದರೆ ಎರಡು ದಾರಿಗಳ ವ್ಯತ್ಯಾಸವೂ ಹೆಚ್ಚು ಕಡಿಮೆ ೩೦ ಸೆಂಟಿಮೀಟರೇ ಆಗುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು ೩೫೦ ಮೀಟರು. ಆದುದರಿಂದ ಕಾಲದ ವ್ಯತ್ಯಾಸ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೆ ಸಮೀಪ. ಇಷ್ಟಕ್ಕೇ ನಡುವಣ ಕಂಠವು ಹತ್ತಿರದ ಸ್ಪೀಕರಿನ ಕಡೆಗೆ ಸೆಳೆಯಲ್ಪಡುತ್ತದೆ. ಮೊದಲು ಬಂದ ಶಬ್ದವೇ ದಿಕ್ಕನ್ನು ನಿರ್ಣಯಿಸುವುದೆಂಬ ಈ ನಿಯಮವನ್ನು ಹೆಲ್ಮುಟ್ ಹಾಸ್ ಎಂಬ ಜರ್ಮನ್ ವಿದ್ವಾಂಸನು ೧೯೪೯ರ ತನ್ನ ಪ್ರಬಂಧದಲ್ಲಿ ವಿಸ್ತಾರವಾಗಿ ಪರಿಶೀಲಿಸಿದನು. ಟಿ.ವಿ. ಕಪಾಟಿನ ಪಕ್ಕದಲ್ಲಿ ಒಂದು ಸ್ಪೀಕರನ್ನೂ ಬಾಗಿಲಿನ ಮೇಲಣ ಹಲಗೆಯ ಮೇಲೆ ಇನ್ನೊಂದನ್ನೂ ಇಟ್ಟವರು ಎರಡು ಸ್ಪೀಕರಿನ ಬೆಲೆ ತೆತ್ತು ಒಂದನ್ನೇ ಕೇಳುತ್ತಿರುತ್ತಾರೆ.

೫. ಗೋಡೆ ಮತ್ತು ಮಂದ್ರನಾದ

ಮಂದ್ರನಾದದ ತರಂಗಗಳು ದೀರ್ಘವಾದವು. ಸೆಕೆಂಡಿಗೆ ೧೦೦ ಕಂಪನಗಳ ನಾದಕ್ಕೆ ತರಂಗದ ಉದ್ದ ೩.೫ ಮೀಟರು, ಎಂದರೆ ನಮ್ಮ ಕೊಠಡಿಯ ಅಗಲದಷ್ಟು. ಇಂಥ ತರಂಗಗಳು ಸ್ಪೀಕರಿನ ಪೆಟ್ಟಿಗೆಯನ್ನು ಬಳಸಿಕೊಂಡು ಹಿಂದಕ್ಕೂ ಹೋಗುತ್ತವೆ. ಹಿಂದಿನ ಗೋಡೆಗೆ ತಾಗಿ ಮರಳಿ ಬಂದು ಮುಂದಿನ ಶಬ್ದವನ್ನು ಕೂಡಿಕೊಳ್ಳುತ್ತವೆ. ಗೋಡೆಯ ಅಂತರವು ತರಂಗದ ಕಾಲು ಭಾಗಕ್ಕೆ ಸಮನಾದಾಗ ಹೋಗಿಬರುವ ದಾರಿ ಅರ್ಧ ತರಂಗದಷ್ಟಾಗಿ, ಮರಳಿದ ಶಬ್ದವು ನೇರ ಶಬ್ದಕ್ಕೆ ವಿರುದ್ಧವಾಗಿ ನಿಂತು ಅದನ್ನು ಕುಗ್ಗಿಸುತ್ತದೆ. ಅಂತರವು ೦.೫ ಮೀಟರಾದರೆ ೧೭೫ ಕಂಪನಗಳ ಸುತ್ತಮುತ್ತ, ೦.೭ ಮೀಟರಾದರೆ ೧೨೫ರ ಸುತ್ತಮುತ್ತ, ೦.೯ ಮೀಟರಾದರೆ ೯೭ರ ಸುತ್ತಮುತ್ತ ಇಂಥ ಹಳ್ಳ ಬೀಳುವುದು. ಗಂಡಸಿನ ಕಂಠದ ಮತ್ತು ಮದ್ದಲೆಯ ತುಂಬುನಾದಕ್ಕೆ ಆಧಾರವಾದ ಭಾಗವನ್ನು ಉಳಿಸಿಕೊಳ್ಳಬೇಕಾದರೆ ಸ್ಪೀಕರನ್ನು ಗೋಡೆಯಿಂದ ಸುಮಾರು ಒಂದು ಮೀಟರು ಮುಂದಕ್ಕೆ ತರುವುದು ಲೇಸು.

ಗೋಡೆಗೆ ಒತ್ತಿ ಇಟ್ಟರೆ ಬೇರೊಂದು ದೋಷ. ಸಮೀಪದ ಪ್ರತಿಯೊಂದು ಗಟ್ಟಿ ಮೈಯೂ ಮಂದ್ರನಾದವನ್ನು ಆದರ್ಶ ಸ್ಥಿತಿಯಲ್ಲಿ ೬ ಡೆಸಿಬೆಲ್ಲಿನವರೆಗೆ ಹೆಚ್ಚಿಸಬಲ್ಲದು. ನೆಲ ಮತ್ತು ಎರಡು ಗೋಡೆಗಳು ಕೂಡುವ ಮೂಲೆಯಲ್ಲಿ ಸ್ಪೀಕರನ್ನಿಟ್ಟರೆ ಮೂರು ಮೈಗಳ ಬೆಂಬಲ ಒಮ್ಮೆಗೇ ದೊರೆತು ನಾದವು ಗುಡುಗಿನಂತೆ ಮೊಳಗುತ್ತದೆ. ಅಂಗಡಿಯಲ್ಲಿ ಇದನ್ನು ಗುಣವೆಂದು ತೋರಿಸುವುದುಂಟು. ಆದರೆ ಮಂದ್ರದ ಅತಿಯಾದ ಬಲವು ಮೇಲಿನ ನಾದಗಳನ್ನು ಮುಸುಕುವುದರಿಂದ ಪದ್ಯಕ್ಕೆ ಇದು ಹಾನಿಕರ.

ಕೊಠಡಿಗೇ ತನ್ನದಾದ ಕೆಲವು ಅನುನಾದಗಳುಂಟು. ಎದುರುಬದುರಾದ ಗೋಡೆಗಳ ಅಂತರವು ಅರ್ಧ ತರಂಗಕ್ಕೆ ಸಮನಾದಾಗ ಸ್ಥಿರ ತರಂಗ ಏರ್ಪಡುತ್ತದೆ. ನಮ್ಮ ಉದಾಹರಣೆಯಲ್ಲಿ ಉದ್ದಕ್ಕೆ ೩೫, ಅಗಲಕ್ಕೆ ೫೦, ಎತ್ತರಕ್ಕೆ ೫೮ ಕಂಪನಗಳು. ಅವುಗಳ ಗುಣಕಗಳೂ ಜೊತೆಗೆ ಸೇರುತ್ತವೆ. ಗೋಡೆಯ ಬಳಿ ಒತ್ತಡ ಅತ್ಯಧಿಕ. ಮೊದಲನೆಯ ಅನುನಾದಕ್ಕೆ ಕೊಠಡಿಯ ನಟ್ಟನಡುವೆ ಒತ್ತಡ ಅತ್ಯಲ್ಪ. ಆದುದರಿಂದ ಹಿಂಗೋಡೆಗೆ ತಲೆಯಾನಿಸಿ ಕುಳಿತವನಿಗೆ ಮಂದ್ರವು ಅತಿಯಾಗಿಯೂ ನಟ್ಟನಡುವೆ ಕುಳಿತವನಿಗೆ ಕೊರತೆಯಾಗಿಯೂ ಕೇಳುತ್ತದೆ. ಸ್ಪೀಕರುಗಳನ್ನು ಗಿಡ್ಡ ಗೋಡೆಯಿಂದ ೦.೯ ಮೀಟರು ಮುಂದಿಟ್ಟು, ಅವುಗಳ ಸಾಲಿನಿಂದ ೧.೯ ಮೀಟರು ಹಿಂದೆ ಕುಳಿತರೆ, ಕೇಳುವವನು ಮುಂಗೋಡೆಯಿಂದ ೨.೮ ಮೀಟರು ದೂರದಲ್ಲಿರುತ್ತಾನೆ. ಇದು ಮಧ್ಯಬಿಂದುವಿಗಿಂತ ತುಸು ಹಿಂದೆ, ಹಿಂಗೋಡೆಗೆ ಸಾಕಷ್ಟು ಮುಂದೆ. ಪಕ್ಕದ ಗೋಡೆಗಳಿಗೆ ಆಗ ೦.೬೫ ಮೀಟರು ಅಂತರ ಉಳಿಯುತ್ತದೆ. ಹಿಂದಿನ ಗೋಡೆಯ ಅಂತರವೂ ಪಕ್ಕದ ಗೋಡೆಯ ಅಂತರವೂ ಒಂದೇ ಆಗಿರಬಾರದು. ಒಂದೇ ಆದರೆ ಎರಡು ಹಳ್ಳಗಳು ಒಂದೆಡೆ ಕೂಡಿ ಆಳವಾಗುತ್ತವೆ.

೬. ಕನ್ನಡಿಯ ಉಪಾಯ

ಪಕ್ಕದ ಗೋಡೆಗಳಿಂದ ಬರುವ ಮೊದಲ ಪ್ರತಿಫಲನ ಬಹಳ ಬಲವಾದದ್ದು. ಮೇಲಿನ ಅಳತೆಗಳಲ್ಲಿ ನೇರ ದಾರಿ ೨.೨ ಮೀಟರಾದರೆ ಗೋಡೆಗೆ ತಾಗಿ ಬರುವ ದಾರಿ ಸುಮಾರು ೩.೦೬ ಮೀಟರು, ತಡವು ಸೆಕೆಂಡಿನ ಸಾವಿರದಲ್ಲಿ ಎರಡೂವರೆ ಭಾಗ. ಇಷ್ಟು ಅಲ್ಪವಾದ ತಡದಲ್ಲಿ ಬಂದ ಶಬ್ದವನ್ನು ಕಿವಿ ಮಾರ್ದನಿಯೆಂದು ಬೇರೆಯಾಗಿ ಗ್ರಹಿಸುವುದಿಲ್ಲ. ನೇರ ಶಬ್ದದಲ್ಲಿಯೇ ಬೆರೆಸಿಕೊಂಡು ಕಂಠದ ಬಣ್ಣ ಬದಲಾದಂತೆ ಕೇಳುತ್ತದೆ.

ಈ ಪ್ರತಿಫಲನ ಎಲ್ಲಿ ನಡೆಯುವುದೆಂದು ತಿಳಿಯಲು ಬೆಳಕಿನ ಪ್ರತಿಫಲನ ನಿಯಮವೇ ಸಾಕು. ಒಬ್ಬರು ಕೇಳುವ ಸ್ಥಾನದಲ್ಲಿ ಕುಳಿತಿರಬೇಕು. ಇನ್ನೊಬ್ಬರು ಕನ್ನಡಿಯೊಂದನ್ನು ಗೋಡೆಗೆ ಒತ್ತಿ ಹಿಡಿದು ಮೆಲ್ಲನೆ ಸರಿಸುತ್ತ ಹೋಗಬೇಕು. ಕುಳಿತವರಿಗೆ ಕನ್ನಡಿಯಲ್ಲಿ ಸ್ಪೀಕರು ಕಂಡ ಸ್ಥಳವೇ ಪ್ರತಿಫಲನದ ಸ್ಥಳ. ನಮ್ಮ ಉದಾಹರಣೆಯಲ್ಲಿ ಅದು ಸ್ಪೀಕರಿನಿಂದ ಅರ್ಧ ಮೀಟರು ಮುಂದಕ್ಕೆ ಬೀಳುತ್ತದೆ. ಅಲ್ಲಿ ಒಂದು ಪುಸ್ತಕದ ಕಪಾಟನ್ನಿಡಬಹುದು, ದಪ್ಪ ಪರದೆಯನ್ನು ಇಳಿಬಿಡಬಹುದು. ಹಗಲು ಸುತ್ತಿಟ್ಟ ಹಾಸಿಗೆಯನ್ನು ನಿಲ್ಲಿಸಿದರೂ ಆದೀತು. ಸೇಬಿನ್ನನ ಮೆತ್ತೆಗಳು ಮಾಡಿದ ಕೆಲಸವನ್ನೇ ಅದೂ ಮಾಡುತ್ತದೆ. ತೆಳ್ಳನೆಯ ಚಾಪೆಯಿಂದ ಹೆಚ್ಚಿನ ಪ್ರಯೋಜನವಿಲ್ಲ. ಗಾಜಿನ ಬಾಗಿಲಿನ ಕಪಾಟು ಆ ಸ್ಥಳದಲ್ಲಿದ್ದರೆ ಅದನ್ನು ಬೇರೆಡೆಗೆ ಸರಿಸಬೇಕು.

ಎತ್ತರವೂ ಮುಖ್ಯ. ಟ್ವೀಟರ್ ಎಂದು ಕರೆಯುವ ಚಿಕ್ಕ ಘಟಕದಿಂದ ಬರುವ ತಾರನಾದವು ಕಿರಿದಾದ ಹರವಿನಲ್ಲಿ ಮುಂದಕ್ಕೆ ಸಾಗುವುದರಿಂದ ಅದು ಕಿವಿಯ ಮಟ್ಟದಲ್ಲಿರಬೇಕು. ವ್ಯಂಜನಗಳು ಬರುವುದು ಬಹುಪಾಲು ಅಲ್ಲಿಂದಲೇ. ಕುರ್ಚಿಯಲ್ಲಿ ಕುಳಿತವರ ಕಿವಿ ನೆಲದಿಂದ ಸುಮಾರು ೧.೧ ಮೀಟರು, ಚಾಪೆಯ ಮೇಲೆ ಕುಳಿತವರದು ಸುಮಾರು ೦.೭೫ ಮೀಟರು ಎತ್ತರದಲ್ಲಿರುತ್ತದೆ. ಯಾವ ರೀತಿ ಕುಳಿತು ಕೇಳುವುದು ಮನೆಯ ಪದ್ಧತಿಯೋ ಅದಕ್ಕೆ ತಕ್ಕಂತೆ ಮಣೆಯನ್ನೋ ಮೇಜನ್ನೋ ಆರಿಸಿಕೊಳ್ಳಬೇಕು.

೭. ಚಾವಡಿಯ ಪ್ರತ್ಯೇಕ ವಿಚಾರ

ಹಳೆಯ ಮನೆಯ ಚಾವಡಿಗೆ ಮೇಲಿನ ನಿಯಮಗಳನ್ನು ಹಾಗೆಯೇ ಅನ್ವಯಿಸಲಾಗದು. ಚಾವಡಿ ಉದ್ದವಾಗಿದ್ದು ಅಗಲ ಕಡಿಮೆ; ಒಂದು ಕಡೆ ಗೋಡೆ, ಇನ್ನೊಂದು ಕಡೆ ಅಂಗಳ. ಗಿಡ್ಡ ಬದಿಯಲ್ಲಿ ಸ್ಪೀಕರುಗಳನ್ನಿಟ್ಟು ಉದ್ದಕ್ಕೆ ಕೇಳಿದರೆ ಒಂದು ಸ್ಪೀಕರಿಗೆ ಗೋಡೆಯ ಪ್ರತಿಫಲನವಿದೆ, ಇನ್ನೊಂದಕ್ಕೆ ಇಲ್ಲ. ಎರಡು ಪಕ್ಕಗಳ ಸಮತೂಕ ಕೆಟ್ಟು ಕಂಠವು ಗೋಡೆಯ ಕಡೆಗೆ ವಾಲುತ್ತದೆ. ಆದುದರಿಂದ ಇಲ್ಲಿ ಸ್ಪೀಕರುಗಳನ್ನು ಉದ್ದ ಗೋಡೆಯ ಸಾಲಿಗೆ, ಅಂಗಳಕ್ಕೆ ಮುಖಮಾಡಿ ಇಡುವುದು ಯುಕ್ತ. ಕೇಳುವವರು ಅಂಗಳಕ್ಕೆ ಬೆನ್ನುಮಾಡಿ ಕೂರಬೇಕು. ಅವರ ಬೆನ್ನ ಹಿಂದೆ ಗೋಡೆಯಿಲ್ಲದ ಕಾರಣ ಹಿಂದಿನಿಂದ ಮರಳುವ ಶಬ್ದ ಬಹಳ ಕಡಿಮೆ. ಸ್ಥಳ ಸಾಲದಿರುವುದರಿಂದ ತ್ರಿಕೋನದ ಭುಜವನ್ನು ೧.೫ ಮೀಟರಿಗೆ ಇಳಿಸಿಕೊಳ್ಳಬಹುದು. ಮಂದ್ರನಾದ ಅಂಗಳಕ್ಕೆ ಸೋರಿಹೋಗುವುದರಿಂದ ಇಲ್ಲಿ ಸ್ಪೀಕರು ಗೋಡೆಗೆ ಹತ್ತಿರವಿದ್ದರೆ ದೋಷವಲ್ಲ, ಗುಣ. ಬಯಲಾಟದ ನಾದಕ್ಕೆ ಮನೆಯೊಳಗೆ ಅತಿ ಸಮೀಪವಾದ ಸ್ಥಳ ಇದೇ.

ಎರಡು ಬಗೆಯ ಮನೆಗಳಿಗೂ ಸಲ್ಲುವ ಇನ್ನೊಂದು ಎಚ್ಚರಿಕೆಯುಂಟು. ಮಳೆಗಾಲದಲ್ಲಿ ಹೊರಗೋಡೆಗಳು ತೇವವನ್ನು ಹೀರಿ ಒಸರುತ್ತವೆ. ಕಡಲ ಕಡೆಯ ಗಾಳಿಯಲ್ಲಿ ಉಪ್ಪಿನಂಶವಿರುತ್ತದೆ. ಕಾಗದದ ಶಂಕುವುಳ್ಳ ಸ್ಪೀಕರಿಗೆ ಬೂಷ್ಟು ಹಿಡಿಯುವುದೂ ತಂತಿಯ ತುದಿಗಳು ಕಿಲುಬುವುದೂ ಇದರಿಂದಲೇ. ಹೊರಗೋಡೆಯನ್ನು ಬಿಟ್ಟು ಒಳಗೋಡೆಯ ಪಕ್ಕದಲ್ಲಿ, ನೆಲದಿಂದ ಎತ್ತರದಲ್ಲಿ, ಹಿಂದೆ ಗಾಳಿಯಾಡುವಂತೆ ಇಡುವುದು ನಾದಕ್ಕೂ ಯಂತ್ರದ ಬಾಳಿಕೆಗೂ ಹಿತ.

೮. ಪರೀಕ್ಷೆಯ ಕ್ರಮ

ಸ್ಥಾನವು ಸರಿಯಾಯಿತೇ ಎಂಬುದನ್ನು ಮೂರು ಪರೀಕ್ಷೆಗಳಿಂದ ತಿಳಿಯಬಹುದು. ಮೊದಲನೆಯದು ಚಪ್ಪಾಳೆ. ಬರಿಯ ಗೋಡೆಗಳ ನಡುವೆ ನಿಂತು ಚಪ್ಪಾಳೆ ತಟ್ಟಿದರೆ ಜಿರ್ರೆಂಬ ಕಂಪನವೊಂದು ಹಿಂಬಾಲಿಸುತ್ತದೆ. ೩.೫ ಮೀಟರು ಅಂತರದ ಗೋಡೆಗಳ ನಡುವೆ ಶಬ್ದವು ಸೆಕೆಂಡಿಗೆ ೫೦ ಸುತ್ತು ಹೋಗಿಬರುವುದರ ಫಲ ಅದು. ಒಂದು ಗೋಡೆಗೆ ಪರದೆಯನ್ನೋ ಕಪಾಟನ್ನೋ ಒದಗಿಸಿದ ಮೇಲೆ ಅದು ಅಡಗಬೇಕು.

ಎರಡನೆಯದು ಏಕವಾಹಿನಿಯ ಮುದ್ರಣ. ಒಂದೇ ಮೈಕಿನಿಂದ ಹಿಡಿದ ಹಳೆಯ ಪದ್ಯವೊಂದನ್ನು ಹಾಕಿ ಕಣ್ಣು ಮುಚ್ಚಿ ಕೇಳಿದರೆ ಕಂಠವು ಎರಡು ಸ್ಪೀಕರುಗಳ ನಟ್ಟನಡುವೆ, ಕಿರಿದಾದ ಒಂದು ಸ್ಥಳದಲ್ಲಿ, ನಿಂತಂತೆ ತೋರಬೇಕು. ಅದು ಹರಡಿಕೊಂಡಂತೆಯೋ ತಲೆಯ ಸುತ್ತ ಸುಳಿದಂತೆಯೋ ತೋರಿದರೆ ಒಂದು ಸ್ಪೀಕರಿನ ತಂತಿಗಳು ತಿರುವುಮುರುವಾಗಿರುವ ಸಂಭವವುಂಟು. ಕೆಂಪು ಕಪ್ಪು ತುದಿಗಳನ್ನು ಪರೀಕ್ಷಿಸಬೇಕು.

ಮೂರನೆಯದು ಅಕ್ಷರಗಳ ಪರೀಕ್ಷೆ. ವಿದ್ಯಾರ್ಥಿಗಳು ತರಗತಿಯಲ್ಲಿಯೂ ಮಾಡಬಹುದಾದದ್ದು. ಪ್ರಸಂಗದ ಪರಿಚಯವಿಲ್ಲದ ಕೆಲವರನ್ನು ಕೂರಿಸಿ, ಪದ್ಯವನ್ನು ಒಮ್ಮೆ ಕೇಳಿಸಿ, ಕಿವಿಗೆ ಬಿದ್ದಷ್ಟನ್ನು ಬರೆಯಲು ಹೇಳಬೇಕು. ಸ್ಪೀಕರುಗಳ ಸ್ಥಾನವನ್ನು ಬದಲಾಯಿಸಿ, ಅಷ್ಟೇ ಬಲದ ಧ್ವನಿಯಲ್ಲಿ, ಅದೇ ಪ್ರಸಂಗದ ಬೇರೊಂದು ಪದ್ಯವನ್ನು ಕೇಳಿಸಿ ಮತ್ತೆ ಬರೆಯಿಸಬೇಕು. ಪದ್ಯಗಳ ಕ್ರಮವನ್ನು ಇನ್ನೊಂದು ಗುಂಪಿಗೆ ತಿರುಗುಮುರುಗಾಗಿಸಿದರೆ ಪದ್ಯದ ಸುಲಭ ಕಠಿನಗಳಿಂದಾಗುವ ದೋಷ ಪರಿಹಾರವಾಗುತ್ತದೆ. ಎರಡು ಸಲ ಎಷ್ಟು ಶಬ್ದಗಳು ಸರಿಯಾಗಿ ಬಂದವೆಂಬುದೇ ಫಲಿತಾಂಶ. ‘ಚೆನ್ನಾಗಿ ಕೇಳಿತು’ ಎಂಬ ಅಭಿಪ್ರಾಯಕ್ಕಿಂತ ಈ ಎಣಿಕೆಗೆ ಬೆಲೆ ಹೆಚ್ಚು.

೯. ಉಪಸಂಹಾರ

ಸ್ಥಾನನಿರ್ಣಯವು ಸರ್ವರೋಗಕ್ಕೂ ಮದ್ದಲ್ಲ. ಮುದ್ರಣದಲ್ಲಿಯೇ ಇಲ್ಲದುದನ್ನು ಯಾವ ಸ್ಪೀಕರೂ ಕೊಡಲಾರದು. ಮೈಕಿಗೆ ಚಂಡೆ ಹತ್ತಿರವಾಗಿ ಭಾಗವತರು ದೂರವಾಗಿ ಹಿಡಿದ ಮುದ್ರಣದಲ್ಲಿ ಪದ್ಯ ಹಿಂದೆಯೇ ಉಳಿಯುವುದು. ಆದರೆ ಮುದ್ರಣದಲ್ಲಿ ಇದ್ದುದನ್ನು ನಮ್ಮ ಮನೆಯಲ್ಲಿ ಕಳೆಯದಿರುವುದು ನಮ್ಮ ಕೈಯಲ್ಲಿದೆ.

ಇದು ಕೇವಲ ವಿನೋದದ ಪ್ರಶ್ನೆಯೂ ಅಲ್ಲ. ನಾರಣಪ್ಪ ಉಪ್ಪೂರರು ಇಂದು ನಮ್ಮೊಡನಿಲ್ಲ. ಅವರ ಶಿಷ್ಯರಾದ ಗುಂಡ್ಮಿ ಕಾಳಿಂಗ ನಾವಡರು ೧೯೯೦ರಲ್ಲಿ, ಇನ್ನೂ ಎಳೆಯ ವಯಸ್ಸಿನಲ್ಲಿಯೇ, ಅಪಘಾತದಲ್ಲಿ ತೀರಿಕೊಂಡರು. ಆ ಬಳಿಕ ಹುಟ್ಟಿದ ವಿದ್ಯಾರ್ಥಿಗೆ ಅವರ ಹಾಡುಗಾರಿಕೆಯ ಪರಿಚಯವು ಧ್ವನಿಮುದ್ರಣದಿಂದ ಮಾತ್ರ ಸಾಧ್ಯ. ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರದಂಥ ಸಂಸ್ಥೆಗಳು ಇಂಥ ಸಾಮಗ್ರಿಯನ್ನು ಶ್ರಮವಹಿಸಿ ಕೂಡಿಸಿಟ್ಟಿವೆ. ಭಾಗವತಿಕೆಯನ್ನು ಕಲಿಯುವವನು ಹಿಂದಿನವರ ಪದವಿಭಾಗವನ್ನೂ ಉಚ್ಚಾರಣೆಯನ್ನೂ ಮುದ್ರಣದಿಂದ ಅನುಸರಿಸುವಾಗ, ಕೊಠಡಿಯ ದೋಷದಿಂದ ಮಸುಕಾದ ಅಕ್ಷರವನ್ನು ಹಾಡುಗಾರನ ರೀತಿಯೆಂದು ತಿಳಿದು ಕಲಿತರೆ ಆ ತಪ್ಪು ಮುಂದಿನ ತಲೆಮಾರಿಗೂ ಸಾಗುತ್ತದೆ. ಸಂಶೋಧಕನು ಮುದ್ರಣದಿಂದ ಪಾಠವನ್ನು ಬರೆದುಕೊಳ್ಳುವಾಗಲೂ ಇದೇ ಅಪಾಯ.

ಆದುದರಿಂದ ಹೊಸ ಯಂತ್ರವನ್ನು ಕೊಳ್ಳುವ ಮೊದಲು ಇದ್ದುದನ್ನು ಗೋಡೆಯಿಂದ ಸರಿಸಿ ನೋಡುವುದು ಒಳ್ಳೆಯದು. ಮೂಲೆಯಿಂದ ಹೊರತರುವುದು, ತ್ರಿಕೋನವನ್ನು ಅಳೆಯುವುದು, ಹತ್ತಿರ ಕೂರುವುದು, ಕನ್ನಡಿ ತೋರಿಸಿದ ಸ್ಥಳಕ್ಕೆ ಮೆತ್ತನೆಯದೊಂದನ್ನು ಒದಗಿಸುವುದು, ಮಳೆ ಬಿಟ್ಟ ಹೊತ್ತಿನಲ್ಲಿ ಕಿಟಕಿ ತೆರೆಯುವುದು: ಇವಿಷ್ಟಕ್ಕೆ ಒಂದು ಸಂಜೆ ಸಾಕು. ಅಷ್ಟಾದ ಮೇಲೂ ಪದ್ಯ ತಿಳಿಯದಿದ್ದರೆ ಆಗ ಯಂತ್ರವನ್ನೋ ಮುದ್ರಣವನ್ನೋ ದೂರಿದರೆ ನ್ಯಾಯವಾದೀತು.